ಕೊಪ್ಪಳದ ಕೋಟೆಯಿಂದ ಟೆಹ್ರಾನಿನ ದರಬಾರಿಗೆ

(ಕುಕನೂರಿನಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಕುಕನೂರಿನಿಂದ ಬಸ್ಸು ಹತ್ತಿ ಕೊಪ್ಪಳಕ್ಕೆ ಹೋದವರ ಕಣ್ಣಿಗೆ ಅಲ್ಲಿಯ ಕೋಟೆಯ ಗುಡ್ಡ ಬೀಳದೆ ಇರದು. ಕೆಳಗೊಂದು ಕೋಟೆ, ಅದರ ಮೇಲೆ ಬಂಡೆಗಳ ನಡುವೆ ಇನ್ನೊಂದು. ಕೊಪ್ಪಳದ ಬಗ್ಗೆ ಬಂದ ಹೆಚ್ಚಿನ ಪುಸ್ತಕಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ. ಭಾರತದಲ್ಲಿ ತಾನು ಕಂಡ ಸ್ಥಳಗಳಲ್ಲೆಲ್ಲ ಇಷ್ಟು ಬಲವಾದದ್ದು ಇನ್ನೊಂದಿಲ್ಲ ಎಂದು ಸರ್ ಜಾನ್ ಮಾಲ್ಕಂ ಎಂಬ ಆಂಗ್ಲ ಅಧಿಕಾರಿ ಈ ಕೋಟೆಯನ್ನು ಕುರಿತು ಬರೆದಿದ್ದಾನೆ ಎಂಬುದೇ ಆ ಮಾತು. ಶಾಲೆಯ ಮಕ್ಕಳೂ ಅದನ್ನು ಬಾಯಿಪಾಠ ಮಾಡಿ ಭಾಷಣ ಸ್ಪರ್ಧೆಯಲ್ಲಿ ಹೇಳುತ್ತಾರೆ. ಆದರೆ ಈ ಮಾಲ್ಕಂ ಯಾರು, ಕೊಪ್ಪಳಕ್ಕೆ ಯಾಕೆ ಬಂದಿದ್ದ, ಮುಂದೆ ಏನಾದ ಎಂದು ಕೇಳಿದವರು ಕಡಿಮೆ.

ಕೇಳಬೇಕಾದ ಪ್ರಶ್ನೆ ಅದು. ಕೊಪ್ಪಳದ ಗೋಡೆಯ ಮುಂದೆ ಡೇರೆ ಹಾಕಿದಾಗ ಮಾಲ್ಕಂಗೆ ಇಪ್ಪತ್ತೊಂದು ವರ್ಷ. ಸಾಲ ಮಾಡಿಕೊಂಡು ಕಂಗೆಟ್ಟಿದ್ದ ಒಬ್ಬ ಕಿರಿಯ ಅಧಿಕಾರಿ ಆತ. ಮುಂದೆ ಅದೇ ಮನುಷ್ಯ ಮೂರು ಸಲ ಇರಾನ್ ದೇಶಕ್ಕೆ ರಾಯಭಾರಿಯಾಗಿ ಹೋದ. ಮೈಸೂರಿನಲ್ಲಿ ರೆಸಿಡೆಂಟ್ ಆದ. ಸಿಂಧಿಯಾ, ಹೋಳ್ಕರ್, ಪೇಶ್ವೆ ಇವರೆಲ್ಲರ ಜೊತೆ ಒಪ್ಪಂದಗಳನ್ನು ಕುದುರಿಸಿದ. ಕೊನೆಗೆ ಮುಂಬಯಿ ಪ್ರಾಂತದ ಗವರ್ನರ್ ಆದ. ಬ್ರಿಟಿಷ್ ರಾಜತಂತ್ರದ ಚರಿತ್ರೆಯಲ್ಲಿ ದೊಡ್ಡ ಹೆಸರಾದ ಅವನು ಆ ದಾರಿಗೆ ತಿರುಗಿದ್ದು ಕೊಪ್ಪಳದ ಮುತ್ತಿಗೆಯ ದಿನಗಳಲ್ಲಿ, ಕೋಟೆಯ ಹೊರಗೆ ಬೀಡುಬಿಟ್ಟ ಪಾಳೆಯದಲ್ಲಿ.

ಮಾಲ್ಕಂ ಹುಟ್ಟಿದ್ದು 1769ರ ಮೇ 2ರಂದು, ಸ್ಕಾಟ್ಲೆಂಡಿನ ಎಸ್ಕ್‌ಡೇಲ್ ಕಣಿವೆಯ ಬರ್ನ್‌ಫುಟ್ ಎಂಬಲ್ಲಿ. ತಂದೆ ಗೇಣಿ ರೈತ. ಮನೆಯಲ್ಲಿ ಹದಿನೇಳು ಮಕ್ಕಳು. ವ್ಯವಹಾರದಲ್ಲಿ ತಂದೆ ಸೋತು ದಿವಾಳಿಯಾದಾಗ ಗಂಡುಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹೊರಗಿನ ನೌಕರಿಗೆ ಕಳಿಸಬೇಕಾಯಿತು. ಜಾನ್ ಹದಿಮೂರು ದಾಟುವ ಮೊದಲೇ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರ ಎದುರು ನಿಂತ. ಇಷ್ಟು ಚಿಕ್ಕ ಹುಡುಗ ಸೈನ್ಯದಲ್ಲಿ ಏನು ಮಾಡಿಯಾನು ಎಂದು ಅವರಿಗೆ ಅನುಮಾನ. ಹೈದರ್ ಅಲಿ ಎದುರಾದರೆ ಏನು ಮಾಡುತ್ತಿ ಎಂದು ಒಬ್ಬರು ಕೇಳಿದರಂತೆ. ಕತ್ತಿ ಹಿರಿದು ತಲೆ ಹಾರಿಸುತ್ತೇನೆ ಎಂದು ಹುಡುಗ ಹೇಳಿದನಂತೆ. ಕೆಲಸ ಸಿಕ್ಕಿತು. ಹೈದರನ ಹೆಸರು ಲಂಡನ್ನಿನ ಕಚೇರಿಯಲ್ಲಿ ಎಂಥ ಭಯ ಹುಟ್ಟಿಸಿತ್ತು ಎಂಬುದಕ್ಕೂ ಈ ಕಥೆ ಸಾಕ್ಷಿ.

1783ರಲ್ಲಿ ಮಾಲ್ಕಂ ಮದ್ರಾಸಿಗೆ ಬಂದಿಳಿದ. ಮರುವರ್ಷ ಮಂಗಳೂರು ಒಪ್ಪಂದವಾಗಿ, ಟಿಪ್ಪುವಿನ ಸೆರೆಯಲ್ಲಿದ್ದ ಆಂಗ್ಲ ಕೈದಿಗಳು ಬಿಡುಗಡೆಯಾಗಿ ಬಂದರು. ಅವರನ್ನು ಎದುರುಗೊಳ್ಳಲು ಗಡಿಗೆ ಹೋದ ತುಕಡಿಯ ಮುಂದಾಳು ಈ ಹುಡುಗನೇ. ತಟ್ಟುವಿನ ಮೇಲೆ ಕುಳಿತ, ಕೆಂಪು ಕೆನ್ನೆಯ ಪೋರನನ್ನು ಕಂಡ ಮೇಜರ್ ಡಲ್ಲಾಸ್, ನಿನ್ನ ಮೇಲಧಿಕಾರಿ ಎಲ್ಲಿ ಎಂದು ಕೇಳಿದ. ಅಧಿಕಾರಿ ತಾನೇ ಎಂದು ಉತ್ತರ ಬಂತು. ಆಮೇಲಿನ ಕೆಲವು ವರ್ಷ ಮಾತ್ರ ಜೂಜು, ಸಾಲ, ಹುಡುಗಾಟಗಳಲ್ಲೇ ಕಳೆದವು. ಕೈಯಲ್ಲಿ ಕಾಸಿಲ್ಲದೆ ಉಪವಾಸ ಬೀಳುವ ಹೊತ್ತಿನಲ್ಲಿ ಬಜಾರಿನ ಒಬ್ಬ ಮುದುಕಿ ಅವನಿಗೆ ದಿನಸಿಯನ್ನು ಕಡ ಕೊಟ್ಟು ಕಾಪಾಡಿದಳೆಂದು ಅವನ ಜೀವನಚರಿತ್ರೆ ಬರೆದ ಜಾನ್ ವಿಲಿಯಂ ಕೇ ಹೇಳುತ್ತಾನೆ.

ಕೊಪ್ಪಳ ಇಲ್ಲಿ ಬರುತ್ತದೆ. 1786ರಲ್ಲಿ ಟಿಪ್ಪು ಸುಲ್ತಾನ್ ಈ ಕೋಟೆಯನ್ನು ಪಾಳೆಯಗಾರನಿಂದ ತೆಗೆದುಕೊಂಡು, ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಹೊಸದಾಗಿ ಕಟ್ಟಿಸಿದ್ದ. 1790ರಲ್ಲಿ ಮೂರನೆಯ ಮೈಸೂರು ಯುದ್ಧ ಶುರುವಾದಾಗ ಕಂಪನಿ, ನಿಜಾಮ ಮತ್ತು ಮರಾಠರು ಒಂದಾದರು. ನಿಜಾಮನ ದೊಡ್ಡ ಸೈನ್ಯ, ಅದರೊಡನೆ ಕಂಪನಿಯ ಸಿಪಾಯಿಗಳ ತುಕಡಿ ಕೊಪ್ಪಳಕ್ಕೆ ಬಂದು ಮುತ್ತಿಗೆ ಹಾಕಿದವು. ಆ ತುಕಡಿಯಲ್ಲಿ ಮಾಲ್ಕಂ ಇದ್ದ.

ತಿಂಗಳುಗಟ್ಟಲೆ ಮುತ್ತಿಗೆ ನಡೆಯಿತು. ನಿಜಾಮನ ಹಳೆಯ ತೋಪುಗಳು ಹಾರಿಸಿ ಹಾರಿಸಿ ಕೆಟ್ಟವು. ಗೋಡೆ ಅಲುಗಲಿಲ್ಲ. 1791ರ ಮಾರ್ಚ್ 21ರಂದು ಬೆಂಗಳೂರು ಕೋಟೆ ಕಾರ್ನ್‌ವಾಲಿಸನ ಕೈಸೇರಿತು. ಆ ಸುದ್ದಿ ಕೊಪ್ಪಳ ಮುಟ್ಟಿದ ಮೇಲೆ, ಇನ್ನು ನೆರವು ಬರಲಾರದೆಂದು ಕೋಟೆಯವರು ಏಪ್ರಿಲ್‌ನಲ್ಲಿ ಷರತ್ತಿನ ಮೇಲೆ ಬಾಗಿಲು ತೆರೆದರು. ಹೀಗೆ ತೋಪಿಗೆ ಜಗ್ಗದ ಕೋಟೆ ಒಂದು ಸುದ್ದಿಗೆ ಜಗ್ಗಿತು. ಗುಂಡಿನಿಂದ ಆಗದ್ದು ಮಾತುಕತೆಯಿಂದ ಆಯಿತು.

ಆ ಪಾಳೆಯದಲ್ಲಿ ಮಾಲ್ಕಂಗೆ ಇಬ್ಬರು ಪರಿಚಯವಾದರು. ಒಬ್ಬ ನಿಜಾಮನ ದರಬಾರಿನಲ್ಲಿ ಕಂಪನಿಯ ರೆಸಿಡೆಂಟ್ ಆಗಿದ್ದ ಸರ್ ಜಾನ್ ಕೆನವೇ. ಇನ್ನೊಬ್ಬ ಅವನ ಸಹಾಯಕ ಗ್ರೇಮ್ ಮರ್ಸರ್. ಇವರು ಯುದ್ಧ ಮಾಡುವವರಲ್ಲ. ಮಂತ್ರಿಗಳ ಡೇರೆಗೆ ಹೋಗಿ ಕುಳಿತು ಮಾತನಾಡುವವರು, ಪತ್ರ ಓದುವವರು, ಪತ್ರ ಬರೆಸುವವರು. ಆದರೆ ಸೈನ್ಯ ಎತ್ತ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂಬುದು ಅವರ ಮಾತಿನಿಂದ ತೀರ್ಮಾನವಾಗುತ್ತಿತ್ತು. ತಾನೂ ಈ ದಾರಿ ಹಿಡಿಯಬೇಕೆಂದು ಮಾಲ್ಕಂ ನಿಶ್ಚಯಿಸಿದ. ಮುನ್ಷಿಯೊಬ್ಬನನ್ನು ಇಟ್ಟುಕೊಂಡು ಪಾರ್ಸಿ ಭಾಷೆ ಕಲಿಯಲು ಕುಳಿತ.

ಪಾರ್ಸಿಯೇ ಯಾಕೆ? ಆ ಕಾಲಕ್ಕೆ ಭಾರತದ ದರಬಾರುಗಳ ನಡುವಿನ ಪತ್ರವ್ಯವಹಾರವೆಲ್ಲ ಬಹುಪಾಲು ಪಾರ್ಸಿಯಲ್ಲಿ ನಡೆಯುತ್ತಿತ್ತು. ಹೈದರಾಬಾದಿನ ನಿಜಾಮ, ಶ್ರೀರಂಗಪಟ್ಟಣದ ಟಿಪ್ಪು, ಕಲ್ಕತ್ತೆಯ ಗವರ್ನರ್ ಜನರಲ್ ಪರಸ್ಪರ ಬರೆದುಕೊಳ್ಳುತ್ತಿದ್ದುದು ಈ ಭಾಷೆಯಲ್ಲಿ. ಅದನ್ನು ಬಲ್ಲವನು ದುಭಾಷಿಯ ಹಂಗಿಲ್ಲದೆ ವಕೀಲನ ಜೊತೆ ನೇರ ಮಾತನಾಡಬಹುದು, ಪತ್ರದ ಒಳಮರ್ಮ ಹಿಡಿಯಬಹುದು. ಕೊಪ್ಪಳದ ಮಟ್ಟಿಗೆ ಇದರಲ್ಲೊಂದು ವಿಪರ್ಯಾಸವಿದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಕೊಪಣ ಒಂದು. ಕನ್ನಡದ ತಿರುಳಿನ ಆ ಊರಿನ ಹಣೆಬರಹ ಕನ್ನಡ ಬಾರದವರ ಡೇರೆಗಳಲ್ಲಿ, ಊರಿನ ರೈತನಿಗೆ ತಿಳಿಯದ ಭಾಷೆಯಲ್ಲಿ ಬರೆಯಲ್ಪಟ್ಟಿತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟಾಗ ಕೊಪ್ಪಳ ಸೀಮೆ ನಿಜಾಮನ ಪಾಲಾಯಿತು. ಅದೇ ವರ್ಷ ಕಾರ್ನ್‌ವಾಲಿಸ್, ನಿಜಾಮನ ಸೈನ್ಯದೊಡನಿದ್ದ ತುಕಡಿಗೆ ಮಾಲ್ಕಂನನ್ನು ಪಾರ್ಸಿ ದುಭಾಷಿಯಾಗಿ ನೇಮಿಸಿದ. ಕೊಪ್ಪಳದಲ್ಲಿ ಕಲಿಯಲು ಹಿಡಿದ ಭಾಷೆ ಫಲ ಕೊಟ್ಟಿತು.

ಮುಂದಿನ ಏರಿಕೆ ವೇಗವಾಗಿ ನಡೆಯಿತು. 1798ರಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿ ಅವನನ್ನು ಹೈದರಾಬಾದಿನ ರೆಸಿಡೆಂಟನ ಸಹಾಯಕನನ್ನಾಗಿ ಕಳಿಸಿದ. ನಿಜಾಮನ ಬಳಿ ಫ್ರೆಂಚರು ಪಳಗಿಸಿದ ಸಾವಿರಾರು ಸಿಪಾಯಿಗಳ ಪಡೆಯಿತ್ತು. ಅದನ್ನು ಕಳಚಿಹಾಕಬೇಕಿತ್ತು. ಸಿಪಾಯಿಗಳು ದಂಗೆಯೆದ್ದಾಗ ಒಳಗೆ ಹೋದ ಮಾಲ್ಕಂ ಅವರ ಕೈಗೆ ಸಿಕ್ಕಿಬಿದ್ದ. ಹಿಂದೆ ಅವನ ಕೈಕೆಳಗೆ ಇದ್ದು, ಕಂಪನಿ ಬಿಟ್ಟು ಈ ಪಡೆ ಸೇರಿದ್ದ ಕೆಲವರು ಅವನನ್ನು ಗುರುತಿಸಿ ಉಳಿಸಿದರು. ಕೊನೆಗೆ ರಕ್ತ ಹರಿಯದೆ ಆ ಪಡೆ ಆಯುಧ ಕೆಳಗಿಟ್ಟಿತು.

ಮರುವರ್ಷ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ. ಗೆದ್ದ ರಾಜ್ಯವನ್ನು ಹಂಚುವ ಆಯೋಗಕ್ಕೆ ಇಬ್ಬರು ಕಾರ್ಯದರ್ಶಿಗಳು. ಒಬ್ಬ ಮಾಲ್ಕಂ, ಇನ್ನೊಬ್ಬ ಮುಂದೆ ಮದ್ರಾಸಿನ ಗವರ್ನರ್ ಆದ ಥಾಮಸ್ ಮನ್ರೋ. ಮೈಸೂರಿನ ಬಾಲಕ ರಾಜ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಜುಲೈ ತಿಂಗಳಲ್ಲಿ ಸಹಾಯಕ ಸೈನ್ಯದ ಒಪ್ಪಂದವಾಯಿತು. ಮೈಸೂರು ವರ್ಷಕ್ಕೆ ಏಳು ಲಕ್ಷ ವರಹ ಕೊಡಬೇಕು, ಕಂಪನಿ ರಕ್ಷಣೆ ಕೊಡಬೇಕು. ಸೂರ್ಯ ಚಂದ್ರರು ಇರುವವರೆಗೆ ಈ ಒಪ್ಪಂದ ನಡೆಯತಕ್ಕದ್ದು ಎಂದು ಅದರಲ್ಲಿ ಬರೆದರು.

ಈ ನುಡಿಗಟ್ಟು ಕುಕನೂರಿನವರಿಗೆ ಹೊಸದಲ್ಲ. ನವಲಿಂಗ ಗುಡಿ, ಮಹಾಮಾಯಿ ಗುಡಿ ಇರುವ ಈ ಸೀಮೆಯಲ್ಲಿ ಶಾಸನದ ಕಲ್ಲುಗಳಿಗೆ ಕೊರತೆಯಿಲ್ಲ. ಕೆರೆಗೆ, ಗುಡಿಗೆ, ಮಠಕ್ಕೆ ಭೂಮಿ ಬಿಟ್ಟಾಗ ಹಿಂದಿನವರು ಬರೆಸುತ್ತಿದ್ದ ಮಾತು ಆಚಂದ್ರಾರ್ಕ. ಚಂದ್ರ ಸೂರ್ಯರಿರುವ ತನಕ ಎಂದು ಅರ್ಥ. ಆದರೆ ಶಾಸನ ಬರೆಸಿದವರು ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ. ಇದನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟಲಿ ಎಂದು ಶಾಪವನ್ನೂ ಸೇರಿಸುತ್ತಿದ್ದರು. ಮಾತು ಮುರಿಯುವ ಮನುಷ್ಯ ಮುಂದೆ ಹುಟ್ಟಿಯಾನು ಎಂಬುದು ಅವರಿಗೆ ಗೊತ್ತಿತ್ತು. ಕಂಪನಿಯ ಒಪ್ಪಂದದಲ್ಲಿ ಶಾಪ ಇರಲಿಲ್ಲ. ಅದರ ಬದಲು, ಹಣ ಸರಿಯಾಗಿ ಬಾರದೆ ಹೋದೀತೆಂದು ಕಂಡರೆ ರಾಜ್ಯದ ಆಡಳಿತವನ್ನೇ ಗವರ್ನರ್ ಜನರಲ್ ಕೈಗೆ ತೆಗೆದುಕೊಳ್ಳಬಹುದು ಎಂಬ ಕಲಮು ಇತ್ತು. ಮಾತು ಮುರಿಯುವ ದಾರಿ ಮಾತಿನೊಳಗೇ ಇತ್ತು. ಅದೇ ಕಲಮಿನ ಆಧಾರದಲ್ಲಿ 1831ರಲ್ಲಿ ಕಂಪನಿ ಮೈಸೂರನ್ನು ವಶಕ್ಕೆ ತೆಗೆದುಕೊಂಡಿತು. ಆಚಂದ್ರಾರ್ಕದ ಮಾತು ಬಾಳಿದ್ದು ಮೂವತ್ತೆರಡು ವರ್ಷ.

ಮಾಲ್ಕಂನ ಜೀವನದುದ್ದಕ್ಕೂ ಇದೇ ಕಥೆ ಬೇರೆ ಬೇರೆ ಊರುಗಳಲ್ಲಿ ನಡೆಯಿತು. 1799ರ ಕೊನೆಗೆ ಅವನು ಮುಂಬಯಿಯಿಂದ ಇರಾನಿಗೆ ಹೊರಟ. ನೆಪೋಲಿಯನ್ ಈಜಿಪ್ಟಿಗೆ ಬಂದಿದ್ದ. ಆಫ್ಘಾನಿಸ್ತಾನದ ಜಮಾನ್ ಷಾ ಹಿಂದುಸ್ಥಾನದ ಮೇಲೆ ಬರುವ ಬೆದರಿಕೆಯಿತ್ತು. ಇಬ್ಬರನ್ನೂ ತಡೆಯಲು ಇರಾನಿನ ಷಾ ಬೇಕಾಗಿದ್ದ. ಮಾಲ್ಕಂ ಉಡುಗೊರೆಗಳನ್ನು ಧಾರಾಳವಾಗಿ ಹಂಚುತ್ತ ಟೆಹ್ರಾನ್ ಮುಟ್ಟಿ, 1801ರ ಜನವರಿಯಲ್ಲಿ ಫತ್ ಅಲಿ ಷಾನ ಸರಕಾರದೊಡನೆ ಒಪ್ಪಂದ ಮಾಡಿಕೊಂಡ. ಆಫ್ಘನ್ನರು ಭಾರತದ ಮೇಲೆ ಬಂದರೆ ಷಾ ಅವರ ಮೇಲೆ ಹೋಗಬೇಕು, ಫ್ರೆಂಚರಿಗೆ ಇರಾನಿನಲ್ಲಿ ನೆಲೆ ಕೊಡಬಾರದು. ಪ್ರತಿಯಾಗಿ ಆಫ್ಘನ್ನರೋ ಫ್ರೆಂಚರೋ ಇರಾನಿನ ಮೇಲೆ ಬಂದರೆ ಆಂಗ್ಲರು ನೆರವಾಗಬೇಕು.

ಆದರೆ 1804ರಲ್ಲಿ ಇರಾನಿನ ಮೇಲೆ ಯುದ್ಧಕ್ಕೆ ಬಂದವರು ರಷ್ಯನ್ನರು. ಷಾ ನೆರವು ಕೇಳಿದ. ಒಪ್ಪಂದದಲ್ಲಿ ರಷ್ಯದ ಹೆಸರಿರಲಿಲ್ಲ. ಯುರೋಪಿನಲ್ಲಿ ರಷ್ಯ ಆಂಗ್ಲರ ಮಿತ್ರ. ನೆರವು ಬರಲಿಲ್ಲ. ಬೇಸತ್ತ ಷಾ 1807ರಲ್ಲಿ ನೆಪೋಲಿಯನ್ನನ ಕೈಹಿಡಿದ. ಮರುವರ್ಷ ಮಾಲ್ಕಂ ಎರಡನೆಯ ಸಲ ಹೋದಾಗ ಬುಷೇರ್ ಬಂದರಿನಿಂದ ಮುಂದಕ್ಕೆ ಬಿಡಲಿಲ್ಲ. ಬಂದ ದಾರಿಯಲ್ಲೇ ಮರಳಿದ. 1810ರಲ್ಲಿ ಮೂರನೆಯ ಸಲ ಹೋದಾಗ ಷಾ ಅವನನ್ನು ಗೌರವಿಸಿದನಾದರೂ, ಅಷ್ಟರಲ್ಲಿ ಲಂಡನ್ನಿನಿಂದ ನೇರವಾಗಿ ಬಂದ ಸರ್ ಹಾರ್ಫರ್ಡ್ ಜೋನ್ಸ್ ಹೊಸ ಒಪ್ಪಂದ ಮುಗಿಸಿದ್ದ. ಇರಾನಿನ ಜನರ ನಡುವೆ ಮಾಲ್ಕಂ ಉಳಿಸಿಹೋದದ್ದು ಆಲೂಗಡ್ಡೆ. ಆ ದೇಶಕ್ಕೆ ಅದನ್ನು ತಂದವನು ಅವನೆಂದು, ಬಹುಕಾಲ ಅಲ್ಲಿಯವರು ಅದನ್ನು ಮಾಲ್ಕಂನ ಆಲೂ ಎಂದೇ ಕರೆದರು. ಅವನ ಇನ್ನೊಂದು ಫಲ 1815ರಲ್ಲಿ ಪ್ರಕಟವಾದ ಇರಾನಿನ ಇತಿಹಾಸ ಗ್ರಂಥ.

ಇಷ್ಟು ಕೇಳಿದವರಿಗೆ ಮಾಲ್ಕಂ ಮಾತು ಮಾರುವ ಮನುಷ್ಯನಾಗಿ ಕಾಣಬಹುದು. ಹಾಗೆಂದು ತೀರ್ಪು ಕೊಟ್ಟರೆ ಅನ್ಯಾಯವಾದೀತು. ಕೊಟ್ಟ ಮಾತಿಗಾಗಿ ತನ್ನ ಮೇಲಿನವರ ಸಿಟ್ಟನ್ನು ಕಟ್ಟಿಕೊಂಡ ಪ್ರಸಂಗಗಳೂ ಇವೆ. 1803ರಲ್ಲಿ ಅವನನ್ನು ಮೈಸೂರಿನ ರೆಸಿಡೆಂಟನನ್ನಾಗಿ ನೇಮಿಸಿದರೂ ಹೆಚ್ಚು ಕಾಲ ಮರಾಠರ ಸೀಮೆಯ ಸಂಧಾನಗಳಲ್ಲೇ ಕಳೆದ. ಸಿಂಧಿಯಾ ಜೊತೆಗಿನ ಒಪ್ಪಂದದ ನಂತರ ಗ್ವಾಲಿಯರ್ ಕೋಟೆ ಯಾರದು ಎಂಬ ಜಗಳ ಹುಟ್ಟಿತು. ಒಪ್ಪಂದದ ನಿಯತ್ತಿನ ಪ್ರಕಾರ ಅದು ಸಿಂಧಿಯಾನಿಗೆ ಸಲ್ಲಬೇಕೆಂದು ಮಾಲ್ಕಂ ವಾದಿಸಿದ. ಅವನ ಆಶ್ರಯದಾತನೇ ಆದ ವೆಲ್ಲೆಸ್ಲಿ ಕೆಂಡವಾದ. ರಾಯಭಾರಿಯ ಕೆಲಸ ಆಜ್ಞೆ ಪಾಲಿಸುವುದು, ನ್ಯಾಯ ತೂಗುವುದಲ್ಲ ಎಂಬ ಧಾಟಿಯಲ್ಲಿ ಛೀಮಾರಿ ಬಂತು. ವೆಲ್ಲೆಸ್ಲಿ ಹೋದ ಮೇಲೆ, 1805ರ ನವೆಂಬರಿನಲ್ಲಿ, ಗ್ವಾಲಿಯರನ್ನು ಮರಳಿ ಕೊಡುವ ಒಪ್ಪಂದವನ್ನು ಕುದುರಿಸಿದವನೂ ಮಾಲ್ಕಂನೇ.

1817ರ ಡಿಸೆಂಬರಿನಲ್ಲಿ ಮಹಿದಪುರದ ಯುದ್ಧದಲ್ಲಿ ಹೋಳ್ಕರನ ಸೈನ್ಯವನ್ನು ಸೋಲಿಸಿದ ಮೇಲೆ ಅವನು ಮಾಳವದಲ್ಲಿ ಕೆಲವು ವರ್ಷ ಆಡಳಿತ ನಡೆಸಿದ. ತನ್ನ ಮನೆಗೆ ನಾಲ್ಕು ಬಾಗಿಲೂ ತೆರೆದಿವೆ, ಯಾರು ಬೇಕಾದರೂ ಬಂದು ದೂರು ಹೇಳಲಿ ಎನ್ನುತ್ತಿದ್ದ. 1821ರಲ್ಲಿ ಕೈಕೆಳಗಿನ ಅಧಿಕಾರಿಗಳಿಗೆ ಬರೆದ ಸೂಚನೆಗಳಲ್ಲಿ, ಜನರನ್ನು ನೇರವಾಗಿ ಕಾಣಿರಿ, ಅವರ ನಡೆನುಡಿಯನ್ನು ಕೀಳಾಗಿ ಕಾಣಬೇಡಿರಿ ಎಂಬ ಅರ್ಥದ ಮಾತುಗಳಿವೆ. ಕಂಪನಿಯ ರಾಜ್ಯ ಕತ್ತಿಯ ಬಲವೊಂದರಿಂದ ನಿಲ್ಲದು, ದೇಶೀಯ ರಾಜರನ್ನೂ ಸರದಾರರನ್ನೂ ಉಳಿಸಿಕೊಳ್ಳಬೇಕು ಎಂಬುದು ಅವನ ನಂಬಿಕೆ. ಸಾಮ್ರಾಜ್ಯ ಬೇಡ ಎಂದವನಲ್ಲ ಅವನು. ಅದು ಬಾಳಬೇಕೆಂದೇ ಹೀಗೆ ಹೇಳಿದ.

ಅವನ ಅತಿ ದೊಡ್ಡ ಮಾತು 1818ರ ಜೂನ್‌ನಲ್ಲಿ ಕೊಟ್ಟದ್ದು. ಸೋತು ಅಲೆಯುತ್ತಿದ್ದ ಕೊನೆಯ ಪೇಶ್ವೆ ಎರಡನೆಯ ಬಾಜೀರಾಯ ಶರಣಾಗಲು ಒಪ್ಪಿದಾಗ, ಅವನಿಗೂ ಕುಟುಂಬಕ್ಕೂ ವರ್ಷಕ್ಕೆ ಎಂಟು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ವರ್ಷಾಶನ ಕೊಡಿಸುವುದಾಗಿ ಮಾಲ್ಕಂ ವಚನವಿತ್ತ. ಇಷ್ಟೊಂದು ಯಾಕೆ ಎಂದು ಗವರ್ನರ್ ಜನರಲ್ ಹೇಸ್ಟಿಂಗ್ಸ್ ಆಕ್ಷೇಪಿಸಿದ. ಯುದ್ಧ ಮುಂದುವರಿದಿದ್ದರೆ ಇದಕ್ಕಿಂತ ಹೆಚ್ಚು ಖರ್ಚಾಗುತ್ತಿತ್ತು ಎಂದು ಮಾಲ್ಕಂ ಸಮರ್ಥಿಸಿಕೊಂಡ. ಕೊಟ್ಟ ಮಾತನ್ನು ಕಂಪನಿ ಉಳಿಸಿಕೊಂಡಿತು. ಆದರೆ ಬಾಜೀರಾಯ ಬದುಕಿರುವ ತನಕ ಮಾತ್ರ.

ಇತ್ತ ಕೊಪ್ಪಳದಲ್ಲಿ 1819ರಲ್ಲಿ ಜಮೀನುದಾರ ವೀರಪ್ಪ ನಿಜಾಮನ ವಿರುದ್ಧ ದಂಗೆಯೆದ್ದು ಕೋಟೆ ಹಿಡಿದ. ಜನರಲ್ ಪ್ರಿಟ್ಸ್‌ಲರ್‌ನ ಕೈಕೆಳಗಿನ ಕಂಪನಿ ಸೈನ್ಯ ಬಂದು ಅದನ್ನು ಬಿಡಿಸಿ ನಿಜಾಮನಿಗೆ ಕೊಟ್ಟಿತು. ಸಹಾಯಕ ಸೈನ್ಯದ ಒಪ್ಪಂದವೆಂದರೆ ಊರಿನ ಮಟ್ಟದಲ್ಲಿ ಏನೆಂಬುದಕ್ಕೆ ಇದೇ ಉದಾಹರಣೆ. ಹೊರಗಿನ ಶತ್ರುವಿಗೆಂದು ಬಂದ ತೋಪು ಒಳಗಿನ ಪ್ರಜೆಯ ಕಡೆಗೂ ತಿರುಗುತ್ತದೆ.

1827ರಿಂದ 1830ರವರೆಗೆ ಮಾಲ್ಕಂ ಮುಂಬಯಿಯ ಗವರ್ನರ್. ಮಹಾಬಳೇಶ್ವರದ ಗಿರಿಧಾಮವನ್ನು ಬೆಳೆಸಿದವನು ಅವನು. ಅಲ್ಲಿಯ ಪೇಟೆಗೆ ಮಾಲ್ಕಂಪೇಟ ಎಂದು ಹೆಸರಾಯಿತು. ಭೋರ್ ಘಾಟಿನ ರಸ್ತೆ ತೆರೆದದ್ದು, ಮುಂಬಯಿಯಿಂದ ಸೂಯೆಜ್‌ಗೆ ಮೊದಲ ಹಬೆ ಹಡಗು ಹೋದದ್ದು ಅವನ ಕಾಲದಲ್ಲಿ. ಕನ್ನಡ ನಾಡಿಗೆ ಆ ವರ್ಷಗಳ ನೆನಪು ಬೇರೆಯೇ. ಕಿತ್ತೂರಿನ ದತ್ತಕವನ್ನು ಕಂಪನಿ ಒಪ್ಪದೆ 1824ರಲ್ಲಿ ನಡೆದ ಯುದ್ಧ ಅವನು ಬರುವ ಮೊದಲಿನದು. ಆದರೆ ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡದ್ದು 1829ರಲ್ಲಿ, ಸಂಗೊಳ್ಳಿ ರಾಯಣ್ಣ ಸೆರೆ ಸಿಕ್ಕಿದ್ದು 1830ರ ಏಪ್ರಿಲ್‌ನಲ್ಲಿ. ಎರಡೂ ಮಾಲ್ಕಂನ ಗವರ್ನರ್‌ಗಿರಿಯ ಅವಧಿಯವು. ದೇಶೀಯ ಮನೆತನಗಳನ್ನು ಉಳಿಸಬೇಕೆಂದು ಬರೆದವನ ಆಡಳಿತದಲ್ಲೂ ಅವನ ಸರಕಾರದ ಯಂತ್ರ ತನ್ನ ಪಾಡಿಗೆ ತಿರುಗುತ್ತಿತ್ತು. 1830ರ ಡಿಸೆಂಬರಿನಲ್ಲಿ ಅವನು ಹಡಗು ಹತ್ತಿದ. ಎರಡು ತಿಂಗಳೊಳಗೆ ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದರು.

1833ರ ಮೇ 30ರಂದು ಮಾಲ್ಕಂ ಲಂಡನ್ನಿನಲ್ಲಿ ತೀರಿಕೊಂಡ. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಅವನ ಪ್ರತಿಮೆಯಿದೆ. ಹುಟ್ಟೂರಿನ ಹತ್ತಿರದ ಗುಡ್ಡದ ಮೇಲೆ ದೊಡ್ಡ ಕಲ್ಲಿನ ಸ್ತಂಭವಿದೆ. ಆದರೆ ಅವನು ಆಡಿದ ಮಾತುಗಳ ಲೆಕ್ಕ ಅವನ ಮರಣದಿಂದ ಮುಗಿಯಲಿಲ್ಲ.

1851ರ ಜನವರಿಯಲ್ಲಿ ಬಾಜೀರಾಯ ಬಿಠೂರಿನಲ್ಲಿ ಸತ್ತ. ಅವನ ದತ್ತುಮಗ ನಾನಾಸಾಹೇಬ ವರ್ಷಾಶನ ಮುಂದುವರಿಯಬೇಕೆಂದು ಅರ್ಜಿ ಹಾಕಿದ. ಮಾಲ್ಕಂ ಬರೆದ ಷರತ್ತಿನಲ್ಲಿ ಕುಟುಂಬ ಎಂಬ ಶಬ್ದವಿದೆಯಲ್ಲ ಎಂಬುದು ಅವನ ವಾದ. ಡಾಲ್‌ಹೌಸಿಯ ಸರಕಾರ ಒಪ್ಪಲಿಲ್ಲ. ಒಂದು ಶಬ್ದದ ಅರ್ಥದ ಮೇಲೆ ನಿಂತ ಈ ಜಗಳ 1857ರಲ್ಲಿ ಕಾನ್ಪುರದ ರಕ್ತಪಾತದ ತನಕ ಹೋಯಿತು.

ಆ ಬೆಂಕಿಯ ಕಿಡಿ ಮರುವರ್ಷ ಈ ಸೀಮೆಗೂ ಬಿತ್ತು. ಇಲ್ಲಿಯ ಕಾರಣಗಳು ಇಲ್ಲಿಯವೇ. ಆಯುಧಗಳನ್ನು ಒಪ್ಪಿಸಬೇಕೆಂಬ ಹುಕುಂ ಜನರನ್ನು ಕೆರಳಿಸಿತ್ತು. ನರಗುಂದದ ಬಾಬಾಸಾಹೇಬರಿಗೆ ದತ್ತಕದ ಅನುಮತಿ ಸಿಕ್ಕಿರಲಿಲ್ಲ. 1858ರ ಮೇ ತಿಂಗಳಲ್ಲಿ ಮುಂಡರಗಿ ಭೀಮರಾಯರು ಹಮ್ಮಿಗೆಯ ಕೆಂಚನಗೌಡರ ಜೊತೆ ಬಂಡೆದ್ದು, ಕೊನೆಗೆ ಬಂದು ಸೇರಿದ್ದು ಕೊಪ್ಪಳದ ಕೋಟೆಯನ್ನು. ಜೂನ್ 1ರಂದು ಮೇಜರ್ ಹ್ಯೂಸ್‌ನ ಸೈನ್ಯ ಕೋಟೆ ಹೊಕ್ಕಿತು. ಭೀಮರಾಯರೂ ಕೆಂಚನಗೌಡರೂ ಅಲ್ಲಿಯೇ ಮಡಿದರು. 1791ರಲ್ಲಿ ತಿಂಗಳುಗಟ್ಟಲೆ ತಡೆದು ನಿಂತ ಕೋಟೆ ಈ ಸಲ ಬಹಳ ಹೊತ್ತು ನಿಲ್ಲಲಿಲ್ಲ. ಷರತ್ತಿನ ಮಾತೂ ಇರಲಿಲ್ಲ. ಅಷ್ಟು ಹೊತ್ತಿಗೆ ಮಾತಿನ ಮೇಲೆ ಎರಡೂ ಕಡೆಯವರಿಗೆ ನಂಬಿಕೆ ಉಳಿದಿರಲಿಲ್ಲ.

ಆಮೇಲೆ ಕೊಪ್ಪಳ, ಯಲಬುರ್ಗಾ ಸೀಮೆಗಳು ಸಾಲಾರಜಂಗರ ಜಹಗೀರಿಯಾಗಿ ಹೈದರಾಬಾದು ಸಂಸ್ಥಾನದಲ್ಲೇ ಇದ್ದವು. ಭಾರತ ಸ್ವತಂತ್ರವಾಗಿ ವರ್ಷ ಕಳೆದ ಮೇಲೆ, 1948ರ ಸೆಪ್ಟೆಂಬರಿನಲ್ಲಿ ಇಲ್ಲಿಯವರಿಗೆ ವಿಮೋಚನೆ ಸಿಕ್ಕಿತು. 1956ರಲ್ಲಿ ಕನ್ನಡದ ರಾಜ್ಯ ಸೇರಿದ್ದಾಯಿತು. 1792ರಲ್ಲಿ ಪಾರ್ಸಿಯಲ್ಲಿ ಬರೆದ ಒಂದು ಗೆರೆಯನ್ನು ಅಳಿಸಲು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಮಾಲ್ಕಂ ಕೋಟೆಯನ್ನು ಹೊಗಳಿದ ಮಾತನ್ನು ಮಕ್ಕಳು ಮುಂದೆಯೂ ಹೇಳಲಿ. ಜೊತೆಗೆ ಇನ್ನೊಂದನ್ನೂ ಅವರಿಗೆ ಕಲಿಸಬೇಕು. ಒಳ್ಳೆಯ ರಾಯಭಾರಿ ಕೊಟ್ಟ ಮಾತು ಅವನ ಒಳ್ಳೆಯತನದಿಂದ ಉಳಿಯುವುದಿಲ್ಲ. ಅದನ್ನು ಬರೆಯುವ ಹೊತ್ತಿಗೆ ಎದುರಿಗೆ ಕುಳಿತವನಿಗೂ ಆ ಭಾಷೆ ಗೊತ್ತಿರಬೇಕು. ಪ್ರತಿ ಶಬ್ದ, ಪ್ರತಿ ಕಲಮು ಓದಿ ನೋಡುವ ತಾಳ್ಮೆ ಇರಬೇಕು. ಮುರಿದಾಗ ಕೇಳುವ ಶಕ್ತಿಯೂ ಇರಬೇಕು. ಹೊಲದ ಕರಾರಿಗೆ ಹೆಬ್ಬೆಟ್ಟು ಒತ್ತುವ ಮೊದಲು ನಾಲ್ಕು ಮಂದಿಗೆ ಓದಿಸಿ ಕೇಳುವ ಯಲಬುರ್ಗಾ ಸೀಮೆಯ ರೈತನಿಗೆ ಇದು ಗೊತ್ತಿರುವ ವಿಷಯವೇ. ಗೊತ್ತಿಲ್ಲದೆ ಹೋದದ್ದು ರಾಜರಿಗೆ.